ಸೇತುವೆಯೋ, ಗೂಟವೋ, ಕುದುರೆಯೋ?

ಮಿಡೀವಲ್ 2: ಟೋಟಲ್ ವಾರ್ 2006ರ ಕಂಪ್ಯೂಟರ್ ಆಟ, ಮಧ್ಯಯುಗದ ಸೈನ್ಯಗಳನ್ನು ನಡೆಸಿ ಯುದ್ಧ ಮಾಡುವುದು. ನನಗೆ ಇವತ್ತಿಗೂ ಅದೇ ಇಷ್ಟ. ಈ ಮಳೆಗಾಲದಲ್ಲಿ ಬಿಜೈಯ ಮನೆಯಲ್ಲಿ ದೊಡ್ಡಮ್ಮನ ಮಗ ಅಣ್ಣನ ಜೊತೆ ಕೂತು ಒಂದೇ ಪ್ರಶ್ನೆ ಹಿಡಿದು ಆಡಿದೆ. ನಮ್ಮದು 8 ತುಕಡಿ, ಎದುರಿಗೆ 16. ಎಲ್ಲಿ ನಿಂತರೆ ಗೆಲ್ಲಬಹುದು?

ಮೊದಲು ಸೇತುವೆ. ನಕ್ಷೆಯಲ್ಲಿ ಸೇತುವೆ ಇರುವ ಜಾಗದಲ್ಲಿ ಸೈನ್ಯ ನಿಲ್ಲಿಸಿದರೆ ಯುದ್ಧ ಅಲ್ಲೇ ನಡೆಯುತ್ತದೆ. ಬೆಳಿಗ್ಗೆ ತೊಕ್ಕೊಟ್ಟಿನಿಂದ ನೇತ್ರಾವತಿ ಸೇತುವೆ ದಾಟಿ ಮಂಗಳೂರಿಗೆ ಬರುವವರಿಗೆ ಇದರ ಗುಟ್ಟು ಗೊತ್ತು. ಹಿಂದೆ ಎಷ್ಟೇ ಗಾಡಿ ನಿಂತಿರಲಿ, ಮುಂದೆ ಹೋಗುವುದು ಸೇತುವೆಯ ಅಗಲಕ್ಕೆ ಹಿಡಿಸುವಷ್ಟೇ. ಮೊದಲ ಸಲ ನಾನು ಭರ್ಜಿಯವರನ್ನು ಸೇತುವೆಯ ಮೇಲೆಯೇ ನಿಲ್ಲಿಸಿದೆ. ಆಗ ನಮ್ಮ ಸಾಲೂ ಅಷ್ಟೇ ಕಿರಿದಾಯ್ತು, ಸೋತೆ. ಎರಡನೇ ಸಲ ಸೇತುವೆ ಮುಗಿಯುವಲ್ಲಿ, ಈಚೆ ದಡದಲ್ಲಿ ಅರ್ಧಚಂದ್ರದ ಹಾಗೆ ನಿಲ್ಲಿಸಿದೆ. ದಾಟಿ ಬಂದವರಿಗೆ ಮೂರು ಕಡೆಯಿಂದ ಏಟು. 1297ರಲ್ಲಿ ಸ್ಟರ್ಲಿಂಗ್ ಸೇತುವೆಯಲ್ಲಿ ಸ್ಕಾಟ್ಲೆಂಡಿನವರೂ ಇಂಗ್ಲಿಷರ ಸೈನ್ಯ ಒಂದಷ್ಟು ದಾಟುವವರೆಗೆ ಕಾದು, ಆಮೇಲೆ ಮುಗಿಬಿದ್ದಿದ್ದರು. ನಾನು ಆರು ಸಲ ಹೀಗೆ ಆಡಿದೆ, ಐದು ಸಲ ಗೆದ್ದೆ. ಆದರೆ ಬೇಕಾದಾಗ ಸೇತುವೆ ಎಲ್ಲಿಂದ ತರುವುದು?

ಎರಡನೆಯದು ಇಂಗ್ಲೆಂಡಿನ ಬಿಲ್ಲುಗಾರರು ನೆಲಕ್ಕೆ ನೆಡುವ ಚೂಪು ಗೂಟ. 1415ರ ಅಕ್ಟೋಬರ್ 25ರಂದು ಫ್ರಾನ್ಸಿನ ಅಜಿನ್‌ಕೋರ್ಟ್‌ನಲ್ಲಿ ಇಂಗ್ಲೆಂಡಿನ ದೊರೆ ಐದನೇ ಹೆನ್ರಿಯ ಸಣ್ಣ ಸೈನ್ಯ ಫ್ರೆಂಚರ ಎದುರು ಗೆದ್ದದ್ದರಲ್ಲಿ ಈ ಗೂಟಗಳ ಪಾಲೂ ಇತ್ತು. ಎರಡೂ ಬದಿಗೆ ಕಾಡು, ಮಧ್ಯೆ ಉತ್ತ ಹೊಲ, ಹಿಂದಿನ ರಾತ್ರಿ ಸುರಿದ ಮಳೆ. ನಮ್ಮ ಕೆಸರುಗದ್ದೆ ಓಟದಲ್ಲಿ ಓಡಿದವರು ಯೋಚಿಸಿ ನೋಡಿ, ಮೈಮೇಲೆ ಕಬ್ಬಿಣದ ಕವಚ ಬೇರೆ ಇದ್ದರೆ ಹೇಗಿರಬಹುದು! ಆಟದಲ್ಲಿ ಶತ್ರುವಿನ ಕುದುರೆಗಳು ಗೂಟಕ್ಕೆ ಬಡಿದು ಸಾಲುಸಾಲಾಗಿ ಬೀಳುತ್ತವೆ. ಕಾಲಾಳುಗಳಿಗೆ ಮಾತ್ರ ಅದರಿಂದ ಏನೂ ಆಗುವುದಿಲ್ಲ. ಯುದ್ಧ ಶುರುವಾಗುವ ಮೊದಲೇ ನೆಡಬೇಕು, ಆಮೇಲೆ ಕದಲಿಸಲು ಆಗದು. ಶತ್ರು ಬದಿಯಿಂದ ಬಂದರೆ ಸುಮ್ನೆ ಬೇಲಿ ಹಾಕಿದ ಹಾಗೆ.

ಮೂರನೆಯದು ಅಣ್ಣನ ಆಟ. ಭರ್ಜಿಯವರು ಎದುರಿಗೆ ತಡೆದು ನಿಲ್ಲಬೇಕು. ಎರಡು ತುಕಡಿ ಕುದುರೆ ಸವಾರರು ಕಾಡಿನೊಳಗೆ ಅಡಗಿದ್ದು, ಹಿಂದಿನಿಂದ ನುಗ್ಗಬೇಕು. ಕೇಳಲಿಕ್ಕೆ ಸುಲಭ. ನಾನು ಪ್ರತಿ ಸಲ ಆತುರದಲ್ಲಿ ತೀರಾ ಹತ್ತಿರ ಬಂದು ಕ್ಲಿಕ್ ಮಾಡುತ್ತಿದ್ದೆ. ಸವಾರರು ಈಟಿ ಚಾಚುವುದನ್ನು ಬಿಟ್ಟು ಕತ್ತಿ ಹಿರಿದು ಗುದ್ದಾಟಕ್ಕೆ ಇಳಿಯುತ್ತಿದ್ದರು. ಅಲ್ಲಿಗೆ ಕಥೆ ಮುಗೀತು.

"ತಡಿ ಮಾರಾಯ, ಈಗ್ಲೇ ಬಿಡ್ಬೇಡ. ಸಾಲು ಸರಿಯಾಗ್ಲಿ," ಎಂದ ಅಣ್ಣ.

ದೂರದಲ್ಲೇ ನಿಲ್ಲಿಸಿದೆ. ಸಾಲು ನೇರವಾಯ್ತು. ಆಮೇಲೆ ಬಿಟ್ಟೆ. ಮೊದಲು ನಡಿಗೆ, ಆಮೇಲೆ ಓಟ, ಕೊನೆಗೆ ಈಟಿಗಳೆಲ್ಲ ಒಟ್ಟಿಗೆ ಕೆಳಗೆ ಬಾಗಿದವು. ಬಡಿದ ಕೂಡಲೇ ಹಿಂದಕ್ಕೆ ಎಳೆದುಕೊಂಡು ಮತ್ತೆ ನುಗ್ಗಿಸಿದೆ. ನುಗ್ಗಿದ ಕುದುರೆ ಅಲ್ಲೇ ನಿಂತರೆ ಸಾಯುತ್ತದೆ, ಅದಕ್ಕೇ ಈ ಎಳೆದಾಟ.

ಐದು ಸಲ ಆಡಿ ಎರಡೇ ಸಲ ಗೆದ್ದೆ. ಆದರೂ ನನ್ನ ಓಟು ಇದಕ್ಕೇ. ಸೇತುವೆ, ಗೂಟ ಎರಡರಲ್ಲೂ ಶತ್ರು ನಾವು ನಿಂತಲ್ಲಿಗೇ ಬರಬೇಕು. ಕುದುರೆ ಇದ್ದರೆ ನಾವೇ ಹೋಗಬಹುದು. ಜೊತೆಗೆ ಹಿಂದಿನಿಂದ ಏಟು ಬಿದ್ದಾಗ ಸಾಯುವವರಿಗಿಂತ ಧೈರ್ಯಗೆಟ್ಟು ಓಡುವವರೇ ಜಾಸ್ತಿ. ಕೊನೆಯ ಸಲ ಅವರ ಸೇನಾಪತಿಯೇ ಬಿದ್ದ. ಒಂದು ತುಕಡಿಯ ಬಿಳಿ ಬಾವುಟ (ಆಟದಲ್ಲಿ ಅದು ಓಡಿಹೋಗುತ್ತಿರುವ ಗುರುತು) ಕಂಡಿತು, ಪಕ್ಕದ್ದರದ್ದೂ ಕಂಡಿತು, ಆಮೇಲೆ ಇಡೀ ಸಾಲೇ ಬೆನ್ನು ತಿರುಗಿಸಿತು.