ಪೆಟ್ಟಿಗೆ ಉಚಿತ, ಕರಾರು ಹೊಸದು: ಟಿವಿ ಚಂದಾ ಕಂಪನಿಯೊಂದರ ‘ಅಪ್‌ಗ್ರೇಡ್’ ಕೊಡುಗೆಯ ವಿಮರ್ಶೆ

ಸುಮಾರು ಏಳು ವರ್ಷಗಳಿಂದ ಒಂದೇ ಕಂಪನಿಯ ಉಪಗ್ರಹ ಟಿವಿ ಸೇವೆಗೆ ಚಂದಾ ಕಟ್ಟುತ್ತಿದ್ದೇನೆ. ಈ ಅವಧಿಯಲ್ಲಿ ಪ್ರಸಾರದ ಗುಣಮಟ್ಟದ ಬಗ್ಗೆ ನಾನು ದೂರು ಕೊಟ್ಟದ್ದು ಒಂದೆರಡು ಬಾರಿ ಮಾತ್ರ. ಜೋರು ಮಳೆ ಹಿಡಿದಾಗ ಚಿತ್ರ ಚೌಕಚೌಕವಾಗಿ ಒಡೆದು ನಿಂತುಬಿಡುವುದು ನಿಜವಾದರೂ, ಡಿಶ್ ಹಿಡಿಯುವ ಕೆಯು ಬ್ಯಾಂಡಿನ ಅಲೆಗಳನ್ನು ಮಳೆಹನಿಗಳು ಹೀರಿ ಚದುರಿಸುವುದರಿಂದ ಆಗುವ ಆ ತೊಂದರೆಗೆ ಯಾವ ಕಂಪನಿಯನ್ನೂ ದೂರುವಂತಿಲ್ಲ. ಆದ್ದರಿಂದ ಸೇವೆಯೇ ಕೆಟ್ಟದ್ದೆಂದು ಹೇಳಲು ಈ ವಿಮರ್ಶೆ ಬರೆಯುತ್ತಿಲ್ಲ. ಇದೇ ಕಂಪನಿ ಕಳೆದ ವರ್ಷ ‘ಉಚಿತ ಅಪ್‌ಗ್ರೇಡ್’ ಎಂಬ ಹೆಸರಿನಲ್ಲಿ ನನಗೆ ಕೊಟ್ಟದ್ದೇನು, ಪ್ರತಿಯಾಗಿ ನನ್ನಿಂದ ಪಡೆದದ್ದೇನು ಎಂಬ ಲೆಕ್ಕವನ್ನು, ಅಂಥದೇ ಕೊಡುಗೆಗೆ ಹೂಂ ಎನ್ನಲೋ ಬೇಡವೋ ಎಂದು ಯೋಚಿಸುತ್ತಿರುವವರ ಮುಂದಿಡುವುದಷ್ಟೇ ನನ್ನ ಉದ್ದೇಶ.

ಕೊಡುಗೆ ಮೊದಲು ಬಂದದ್ದು ಟಿವಿ ಪರದೆಯ ಮೇಲೆಯೇ. ಚಾನೆಲ್ ಬದಲಿಸಿದಾಗಲೆಲ್ಲ ಕೆಳಗಿನ ಮೂಲೆಯಲ್ಲಿ ‘ನೀವು 4ಕೆ ಬಾಕ್ಸ್‌ಗೆ ಉಚಿತ ಅಪ್‌ಗ್ರೇಡ್ ಪಡೆಯಲು ಆಯ್ಕೆಯಾಗಿದ್ದೀರಿ’ ಎಂಬ ಪಟ್ಟಿ ಮೂಡುತ್ತಿತ್ತು. ಆಯ್ಕೆ ಮಾಡಿದವರು ಯಾರು, ಯಾವ ಆಧಾರದ ಮೇಲೆ ಎಂಬುದನ್ನು ಅದು ಹೇಳುತ್ತಿರಲಿಲ್ಲ. ಕೆಲವು ದಿನಗಳ ನಂತರ ಗ್ರಾಹಕ ಸೇವಾ ಕೇಂದ್ರದಿಂದ ಕರೆ ಬಂತು. ನಾನು ಕೇಳಿದ ಪ್ರಶ್ನೆಗಳು ಮೂರು: ಈಗ ಕಟ್ಟುತ್ತಿರುವುದಕ್ಕಿಂತ ಹೆಚ್ಚಿಗೆ ಕಟ್ಟಬೇಕಾಗುತ್ತದೆಯೇ, ನನ್ನ ಪ್ಯಾಕ್ ಬದಲಾಗುತ್ತದೆಯೇ, ಹಳೆಯ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿಟ್ಟ ಕಾರ್ಯಕ್ರಮಗಳು ಏನಾಗುತ್ತವೆ. ಮೊದಲಿನ ಎರಡಕ್ಕೂ ಸೇರಿಸಿ “ಏನೂ ಇಲ್ಲ ಸರ್, ಎಲ್ಲಾ ಸೇಮ್ ಇರುತ್ತೆ, ಬಾಕ್ಸ್ ಮಾತ್ರ ಹೊಸದು” ಎಂಬ ಉತ್ತರ ಸಿಕ್ಕಿತು. ಮೂರನೆಯದಕ್ಕೆ “ಅದನ್ನ ಟೆಕ್ನಿಷಿಯನ್ ನೋಡ್ಕೋತಾರೆ” ಎಂದರು. ಕರೆ ಬಂದ ದಿನಾಂಕ, ಗಂಟೆ ಮತ್ತು ಈ ಎರಡು ಉತ್ತರಗಳನ್ನು ಗೋಡೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಗೀಚಿಟ್ಟುಕೊಂಡೆ. ಮುಂದೆ ಅದು ಬೇಕಾಗುತ್ತದೆ ಎಂಬ ದೂರದೃಷ್ಟಿಯೇನೂ ಆಗ ಇರಲಿಲ್ಲ. ಕೈಗೆ ಸಿಕ್ಕ ಕಾಗದದ ಮೇಲೆ ಬರೆದುಕೊಳ್ಳುವ ಹಳೆಯ ಚಟ, ಅಷ್ಟೆ.

ಬಾಕ್ಸ್ ಅಳವಡಿಸಲು ಬಂದ ಯುವಕ ಕೆಲಸದಲ್ಲಿ ಚುರುಕಾಗಿದ್ದ. ಟಿವಿಯ ಹಿಂದೆ ಮೊಣಕಾಲೂರಿ ಕುಳಿತು ಹಳೆಯ ಪೆಟ್ಟಿಗೆಯ ತಂತಿಗಳನ್ನು ಬಿಡಿಸಿ, ಹೊಸದಕ್ಕೆ ಜೋಡಿಸಿ, ಧೂಳು ಒರೆಸಿ, ಸಿಗ್ನಲ್ ಅಳೆದು, ಎದ್ದು ನಿಂತವನೇ “ಸರ್, ಬಾಕ್ಸ್ ಪೇರ್ ಆಗಬೇಕು, ನಿಮ್ಮ ಮೊಬೈಲ್‌ಗೆ ಒಂದು ಒಟಿಪಿ ಬಂದಿರುತ್ತೆ, ಸ್ವಲ್ಪ ಹೇಳಿ” ಎಂದ. ಮೊಬೈಲ್ ಪರದೆಯ ಮೇಲ್ಭಾಗದಲ್ಲಿ ಕಂಡ ಆರು ಅಂಕಿಗಳನ್ನು ಓದಿ ಹೇಳಿದೆ. ಆಮೇಲೆ ಅವನ ಟ್ಯಾಬ್ಲೆಟ್ಟಿನ ಮೇಲೆ, ‘ಗ್ರಾಹಕರ ಸಹಿ’ ಎಂದಿದ್ದ ಖಾಲಿ ಚೌಕದಲ್ಲಿ ಬೆರಳಿನಿಂದ ಸಹಿಯಂಥದೊಂದನ್ನು ಎಳೆದೆ. ಆ ಚೌಕದ ಮೇಲೆ ಇನ್ನೇನಾದರೂ ಬರೆದಿದೆಯೇ ಎಂದು ಪರದೆಯನ್ನು ಮೇಲಕ್ಕೆ ಸರಿಸಿ ನೋಡಬೇಕೆಂದು ನನಗೂ ಹೊಳೆಯಲಿಲ್ಲ, ಅವನೂ ಹೇಳಲಿಲ್ಲ. ಒಟಿಪಿ ಬಂದ ಸಂದೇಶವನ್ನು ನಾನು ಪೂರ್ತಿಯಾಗಿ ಓದಿದ್ದು ಐದು ವಾರಗಳ ನಂತರ, ಮೊದಲ ಬಿಲ್ ಕೈಗೆ ಬಂದಾಗ. ಅಂಕಿಗಳ ಕೆಳಗಿನ ಸಾಲಿನಲ್ಲಿ ಪೇರಿಂಗಿನ ಪ್ರಸ್ತಾಪವೇ ಇರಲಿಲ್ಲ. ‘ನೂತನ ಯೋಜನೆ ಮತ್ತು ಅದರ ಷರತ್ತುಗಳಿಗೆ ನಿಮ್ಮ ಒಪ್ಪಿಗೆಯನ್ನು ದೃಢೀಕರಿಸಲು’ ಎಂದು ಅದರಲ್ಲಿ ಬರೆದಿತ್ತು.

ಬಿಲ್ಲಿಗೆ ಬರುವ ಮುನ್ನ ಪೆಟ್ಟಿಗೆಯ ವಿಚಾರವನ್ನು ಮುಗಿಸುತ್ತೇನೆ. ನಮ್ಮ ಮನೆಯ ಟಿವಿ ಫುಲ್ ಎಚ್‌ಡಿ ಪರದೆಯದು; ಅಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20.7 ಲಕ್ಷ ಚುಕ್ಕಿಗಳು. 4ಕೆ ಚಿತ್ರದಲ್ಲಿ 3840 ಮತ್ತು 2160, ಅಂದರೆ ಇದರ ನಾಲ್ಕು ಪಟ್ಟು, ಸುಮಾರು 83 ಲಕ್ಷ ಚುಕ್ಕಿಗಳಿರುತ್ತವೆ. ಬಾಕ್ಸ್ ಎಷ್ಟೇ ಸೂಕ್ಷ್ಮವಾದ ಚಿತ್ರವನ್ನು ಕಳಿಸಲಿ, ಪರದೆ ತನ್ನಲ್ಲಿರುವಷ್ಟು ಚುಕ್ಕಿಗಳನ್ನು ಮಾತ್ರ ಬೆಳಗಿಸಬಲ್ಲದು. ಆದ್ದರಿಂದ ಹೊಸ ಬಾಕ್ಸ್ 4ಕೆ ಚಿತ್ರವನ್ನು ಕುಗ್ಗಿಸಿ ಹಳೆಯ ಅಳತೆಗೆ ಇಳಿಸಿಯೇ ಕೊಡುತ್ತದೆ. ಪರದೆ 4ಕೆ ಆಗಿದ್ದರೂ ಸಾಲದು: ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಪ್ರಸಾರವನ್ನು ಪೂರ್ಣ ಗುಣಮಟ್ಟದಲ್ಲಿ ಸಾಗಿಸಲು 2013ರಲ್ಲಿ ಬಂದ ಎಚ್‌ಡಿಎಂಐ 2.0 ಅಥವಾ ಅದರ ನಂತರದ ಕಿಂಡಿ ಟಿವಿಯಲ್ಲಿರಬೇಕು, ಜೊತೆಗೆ ನಕಲು ತಡೆಯುವ ಎಚ್‌ಡಿಸಿಪಿ 2.2 ವ್ಯವಸ್ಥೆಗೂ ಅದು ಹೊಂದಿಕೊಳ್ಳಬೇಕು. ‘ನಿಮ್ಮ ಟಿವಿ ಯಾವುದು’ ಎಂಬ ಒಂದೇ ಪ್ರಶ್ನೆಯಿಂದ ಇದೆಲ್ಲ ತಿಳಿಯುತ್ತಿತ್ತು. ಪರದೆಯ ಪಟ್ಟಿಯಾಗಲಿ, ಕರೆ ಮಾಡಿದವರಾಗಲಿ ಅದನ್ನು ಕೇಳಲಿಲ್ಲ. ಕೇಳಿದ್ದರೆ ಕೊಡುಗೆಯ ಅರ್ಧ ಆಕರ್ಷಣೆ ಅಲ್ಲಿಗೇ ಮುಗಿದುಹೋಗುತ್ತಿತ್ತು.

ನಿಜವಾಗಿ ಕಳೆದುಕೊಂಡದ್ದು ಹಳೆಯ ಬಾಕ್ಸಿನ ಹಾರ್ಡ್ ಡಿಸ್ಕನ್ನು. ನನ್ನ ತಾಯಿ ಹಲವು ವರ್ಷಗಳಿಂದ ಒಂದೊಂದಾಗಿ ಉಳಿಸಿಕೊಂಡಿದ್ದ ಸಂಗೀತ ಕಾರ್ಯಕ್ರಮಗಳು ಅದರಲ್ಲಿದ್ದವು; ಯಾವುದು ಯಾವ ಪುಟದಲ್ಲಿದೆ ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಇಂಥ ಬಾಕ್ಸ್‌ಗಳು ರೆಕಾರ್ಡಿಂಗನ್ನು ಗೂಢಲಿಪಿಗೆ ಬದಲಿಸಿ ಇಡುತ್ತವೆ, ಅದನ್ನು ಬಿಡಿಸುವ ಕೀಲಿ ಆ ಬಾಕ್ಸಿಗಷ್ಟೇ ಸೇರಿರುತ್ತದೆ. ಡಿಸ್ಕನ್ನು ಬಿಚ್ಚಿ ಕಂಪ್ಯೂಟರಿಗೆ ಹಾಕಿದರೂ, ಅದೇ ಕಂಪನಿಯ ಇನ್ನೊಂದು ಬಾಕ್ಸಿಗೆ ಹಾಕಿದರೂ ಓದಲಾಗದು. ಹೊಸ ಬಾಕ್ಸಿನಲ್ಲಿ ಡಿಸ್ಕೇ ಇರಲಿಲ್ಲ, ರೆಕಾರ್ಡ್ ಮಾಡಬೇಕಿದ್ದರೆ ಪ್ರತ್ಯೇಕವಾಗಿ ಕೊಂಡು ಜೋಡಿಸಬೇಕಿತ್ತು. “ಟೆಕ್ನಿಷಿಯನ್ ನೋಡ್ಕೋತಾರೆ” ಎಂಬ ಮಾತಿನ ಬಲದ ಮೇಲೆ ನಾನು ಕೇಳಿದಾಗ ಆ ಯುವಕ ಪ್ರಾಮಾಣಿಕವಾಗಿ “ಅದು ಬರಲ್ಲ ಸರ್, ಹಳೇ ಬಾಕ್ಸ್‌ಗಳನ್ನೆಲ್ಲ ವಾಪಸ್ ತಗೊಂಡು ಬರೋಕೆ ಹೇಳಿದ್ದಾರೆ” ಎಂದ. ಅಷ್ಟು ಹೊತ್ತಿಗೆ ಒಟಿಪಿ ಕೊಟ್ಟಾಗಿತ್ತು, ಹಳೆಯ ಬಾಕ್ಸ್ ನಿಷ್ಕ್ರಿಯವಾಗಿತ್ತು.

ಇನ್ನು ಬಿಲ್. ಮಾಸಿಕ ಮೊತ್ತ ಸರಿಸುಮಾರು ಮೂರನೇ ಒಂದು ಭಾಗದಷ್ಟು ಏರಿತ್ತು. ಮೊದಲ ತಿಂಗಳು ಉಚಿತವೆಂದು ಸೇರಿಸಿದ್ದ 4ಕೆ ಪ್ಯಾಕ್ ಎರಡನೆಯ ತಿಂಗಳಿನಿಂದ ತಾನಾಗಿಯೇ ಶುಲ್ಕದ ಪ್ಯಾಕ್ ಆಗಿತ್ತು. ಬೇಡವೆಂದು ನಾವೇ ಹೇಳದಿದ್ದರೆ ಬೇಕೆಂದೇ ಅರ್ಥ ಎಂಬುದು ಅದರ ನಿಯಮ. ಬಾಕ್ಸ್ ಉಚಿತವಾಗಿದ್ದರೂ ‘ಸಕ್ರಿಯಗೊಳಿಸುವ ಶುಲ್ಕ’ ಎಂಬ ಬೇರೆ ಸಾಲು ಇತ್ತು. ಇವೆರಡಕ್ಕಿಂತ ಗಂಭೀರವಾದದ್ದು ಬಿಲ್ಲಿನ ಎರಡನೆಯ ಪುಟದಲ್ಲಿ, ವಿಳಾಸದ ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಕರಾರಿನ ಆರಂಭ ದಿನಾಂಕವಾಗಿ ಬಾಕ್ಸ್ ಅಳವಡಿಸಿದ ದಿನವನ್ನೇ ನಮೂದಿಸಿ, ಕನಿಷ್ಠ ಅವಧಿ 24 ತಿಂಗಳು ಎಂದು ಬರೆದಿದ್ದರು. ನನ್ನ ಹಳೆಯ ಕರಾರಿನ ಕನಿಷ್ಠ ಅವಧಿ ಮುಗಿದು ವರ್ಷಗಳೇ ಆಗಿದ್ದವು. ಯಾವ ತಿಂಗಳಲ್ಲಿ ಬೇಕಾದರೂ ಸೇವೆ ಬಿಡುವ ಸ್ವಾತಂತ್ರ್ಯ ನನಗಿತ್ತು. ಉಚಿತ ಪೆಟ್ಟಿಗೆಯ ನೆಪದಲ್ಲಿ ಹೋದದ್ದು ಆ ಸ್ವಾತಂತ್ರ್ಯ. ಅವಧಿಗೆ ಮುನ್ನ ಬಿಟ್ಟರೆ ಉಳಿದ ತಿಂಗಳುಗಳ ಲೆಕ್ಕದಲ್ಲಿ ದಂಡ, ಮೇಲಾಗಿ ಬಾಕ್ಸ್ ಕಂಪನಿಯ ಸ್ವತ್ತಾದ್ದರಿಂದ ಅದನ್ನು ಹಿಂತಿರುಗಿಸಬೇಕು. ಉಚಿತವಾಗಿ ಕೊಟ್ಟದ್ದೆಂದು ಹೇಳಿದ ವಸ್ತು ಕೊನೆಗೆ ನನ್ನದೂ ಆಗಿರಲಿಲ್ಲ.

ಮೊದಲು ಫೋನಿನಲ್ಲೇ ತಕರಾರು ಎತ್ತಿದೆ. ನಾಲ್ಕು ಕರೆಗಳಲ್ಲಿ ನಾಲ್ವರು ಮಾತನಾಡಿದರು, ನಾಲ್ವರಿಗೂ ಕಥೆಯನ್ನು ಮೊದಲಿನಿಂದ ಹೇಳಿದೆ, ನಾಲ್ವರೂ ‘ಒಟಿಪಿ ಕೊಟ್ಟಿದ್ದೀರಿ, ಆದ್ದರಿಂದ ಒಪ್ಪಿದ್ದೀರಿ’ ಎಂಬಲ್ಲಿಗೇ ಬಂದು ನಿಂತರು. ಕರೆಗಳನ್ನು ನಿಲ್ಲಿಸಿ ಲಿಖಿತ ದೂರು ಸಲ್ಲಿಸಿದ ಮೇಲೆಯೇ ವಿಷಯ ಅಲುಗಾಡಿದ್ದು. ಅದರಲ್ಲಿ ಕೋಪ ತೋರಿಸಲು ಹೋಗದೆ ಒಂದೇ ವಾದವನ್ನು ಮುಂದಿಟ್ಟೆ: ಒಟಿಪಿ ಒಪ್ಪಿಗೆಯ ಗುರುತು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಯಾವುದಕ್ಕೆ ಒಪ್ಪಿಗೆ ಎಂಬುದನ್ನು ಆ ಆರು ಅಂಕಿಗಳು ಹೇಳುವುದಿಲ್ಲ, ಅದನ್ನು ಹೇಳಬೇಕಾದದ್ದು ಕೊಡುಗೆಯ ಮಾತು, ಮತ್ತು ಕೊಡುಗೆಯ ಮಾತಿನಲ್ಲಿ ಯಾವುದೂ ಬದಲಾಗುವುದಿಲ್ಲ ಎಂದಿತ್ತು. ಕರೆಯ ದಿನಾಂಕ ಮತ್ತು ಗಂಟೆಯನ್ನು ನಮೂದಿಸಿ, ‘ಗುಣಮಟ್ಟದ ಸಲುವಾಗಿ ಈ ಕರೆಯನ್ನು ಧ್ವನಿಮುದ್ರಿಸಲಾಗುತ್ತಿದೆ’ ಎಂದು ನೀವೇ ಆರಂಭದಲ್ಲಿ ಹೇಳಿದ್ದೀರಿ, ದಯವಿಟ್ಟು ಅದನ್ನು ಕೇಳಿ ನೋಡಿ ಎಂದು ಬರೆದೆ. ಪರದೆಯ ಪಟ್ಟಿಯ ಫೋಟೊ, ಒಟಿಪಿ ಸಂದೇಶದ ಸ್ಕ್ರೀನ್‌ಶಾಟ್, ಹಳೆಯ ಮತ್ತು ಹೊಸ ಬಿಲ್ ಇವನ್ನು ಲಗತ್ತಿಸಿದೆ. ಪಟ್ಟಿಯ ಫೋಟೊ ನನ್ನ ಬಳಿ ಇದ್ದದ್ದು ಕೇವಲ ಅದೃಷ್ಟ. ಹೊಸ ಟಿವಿ ಕೊಳ್ಳಬೇಕೇ ಎಂದು ಸ್ನೇಹಿತರೊಬ್ಬರನ್ನು ಕೇಳಲು ಅದನ್ನು ತೆಗೆದು ಕಳಿಸಿದ್ದೆ.

ನನ್ನ ದೂರಿನಲ್ಲಿ ವಿಶ್ವಸಂಸ್ಥೆಯ ಗ್ರಾಹಕ ರಕ್ಷಣಾ ಮಾರ್ಗಸೂಚಿಗಳನ್ನೂ ಉಲ್ಲೇಖಿಸಿದ್ದೆ. 1985ರಲ್ಲಿ ಅಂಗೀಕಾರವಾಗಿ 2015ರಲ್ಲಿ ಪರಿಷ್ಕರಣೆಗೊಂಡ ಅವು, ಷರತ್ತುಗಳು, ಶುಲ್ಕಗಳು ಮತ್ತು ಅಂತಿಮ ವೆಚ್ಚದ ಬಗ್ಗೆ ಪೂರ್ಣವಾದ, ದಾರಿ ತಪ್ಪಿಸದ ಮಾಹಿತಿಯನ್ನು ವ್ಯಾಪಾರಿಗಳು ಗ್ರಾಹಕರಿಗೆ ಕೊಡಬೇಕೆಂದು ಹೇಳುತ್ತವೆ. ಅವು ಯಾವ ಕಂಪನಿಯನ್ನೂ ನೇರವಾಗಿ ಕಟ್ಟಿಹಾಕುವ ಕಾನೂನಲ್ಲ, ಹಾಗೆಂದು ಕಂಪನಿಯ ಉತ್ತರದಲ್ಲಿ ನೆನಪಿಸಿಯೂ ಇದ್ದರು. ಆದರೂ ಉತ್ತರ ಬರೆದವರ ಭಾಷೆ ಅಲ್ಲಿಂದ ಮುಂದೆ ಸ್ವಲ್ಪ ಎಚ್ಚರದ ಭಾಷೆಯಾಯಿತು. ಬಳಕೆದಾರರಿಗೆ ತಿಳಿಯದಂತೆ ಅವರಿಂದ ಒಪ್ಪಿಗೆ ಹಿಂಡುವ ಇಂಥ ವಿನ್ಯಾಸಗಳಿಗೆ ಬ್ರಿಟನ್ನಿನ ವಿನ್ಯಾಸ ತಜ್ಞ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರು ಕೊಟ್ಟರು. ಅವರು ಮುಖ್ಯವಾಗಿ ಜಾಲತಾಣಗಳ ಬಗ್ಗೆ ಹೇಳಿದ್ದು ನನ್ನ ಅನುಭವದಲ್ಲಿ ಟ್ಯಾಬ್ಲೆಟ್ಟಿನ ಸಹಿಯ ಚೌಕಕ್ಕೂ ಅಷ್ಟೇ ಒಪ್ಪುತ್ತದೆ. ಫೋನಿನಲ್ಲಿ ಅಥವಾ ಮನೆಬಾಗಿಲಲ್ಲಿ ಒಪ್ಪಿದ ಕರಾರಿನಿಂದ ಹಿಂದೆ ಸರಿಯಲು ಕೆಲವು ಕಡೆ ಕಾನೂನೇ ಕಾಲಾವಕಾಶ ಕೊಡುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಅದು ಸಾಮಾನ್ಯವಾಗಿ 14 ದಿನ. ಆದರೆ ಹೊಸ ಷರತ್ತು ಗ್ರಾಹಕರ ಕಣ್ಣಿಗೆ ಬೀಳುವುದೇ ಐದು ವಾರಗಳ ನಂತರದ ಬಿಲ್ಲಿನಲ್ಲಾದರೆ ಅಂಥ ಅವಕಾಶವೂ ಕೈ ಜಾರಿಹೋಗಬಹುದು.

ಮೊದಲ ಲಿಖಿತ ಉತ್ತರ ಹನ್ನೊಂದನೆಯ ದಿನ ಬಂತು, ‘ನಿಯಮಾನುಸಾರವಿದೆ’ ಎಂಬ ಒಂದೇ ಸಾಲಿನಲ್ಲಿ. ಅದನ್ನು ಒಪ್ಪದೆ ಮೇಲಿನ ಹಂತದ ಅಧಿಕಾರಿಗೆ ಅದೇ ದೂರು ಸಂಖ್ಯೆಯಡಿ ಮೇಲ್ಮನವಿ ಸಲ್ಲಿಸಿದೆ. ಮೂರನೆಯ ವಾರದಲ್ಲಿ ಕರೆ ಮಾಡಿದ ಮಹಿಳೆ ಧ್ವನಿಮುದ್ರಿಕೆಯನ್ನು ಕೇಳಿರುವುದಾಗಿ ಹೇಳಿ, “ನಮ್ಮ ಕಡೆಯಿಂದ ಮಾಹಿತಿ ಪೂರ್ತಿಯಾಗಿ ಕೊಟ್ಟಿಲ್ಲ, ಅದು ನಿಜ” ಎಂದರು. ಇಷ್ಟೂ ದಿನಗಳಲ್ಲಿ ಕಂಪನಿಯ ಕಡೆಯಿಂದ ಬಂದ ಅತ್ಯಂತ ನೇರವಾದ ವಾಕ್ಯ ಅದು. 24 ತಿಂಗಳ ಅವಧಿಯನ್ನು ರದ್ದು ಮಾಡಿ ಹಳೆಯ ಷರತ್ತುಗಳನ್ನೇ ಮರಳಿಸಿದರು, 4ಕೆ ಪ್ಯಾಕನ್ನು ತೆಗೆದು ಅದಕ್ಕೆ ಕಡಿದುಕೊಂಡದ್ದನ್ನು ಹಿಂದಿರುಗಿಸಿದರು. ಸಕ್ರಿಯಗೊಳಿಸುವ ಶುಲ್ಕವನ್ನು ನಗದಾಗಿ ಕೊಡಲು ಒಪ್ಪದೆ ಮುಂದಿನ ಬಿಲ್ಲುಗಳಿಗೆ ಜಮೆ ಮಾಡಿದರು. ಅಂದರೆ ಅದನ್ನು ಪಡೆಯಬೇಕಿದ್ದರೂ ಅವರಲ್ಲೇ ಉಳಿಯಬೇಕು. ರೆಕಾರ್ಡಿಂಗುಗಳ ಬಗ್ಗೆ ವಿಷಾದ ವ್ಯಕ್ತಪಡಿಸಿದರು. ಹಳೆಯ ಬಾಕ್ಸ್ ಮರುಬಳಕೆಯ ಘಟಕಕ್ಕೆ ಹೋಗಿಯಾಗಿತ್ತು.

ಇಷ್ಟೆಲ್ಲ ನಡೆದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ, ಅವರಿಗೆ ನನ್ನ ಹಳೆಯ ಪೆಟ್ಟಿಗೆಯನ್ನು ಬದಲಿಸುವ ಆತುರ ಏಕಿತ್ತು ಎಂಬುದು. ಉಪಗ್ರಹದಲ್ಲಿ ಕಂಪನಿ ಬಾಡಿಗೆಗೆ ಪಡೆಯುವ ಪ್ರಸಾರದ ಜಾಗ ಸೀಮಿತ ಮತ್ತು ದುಬಾರಿ. ನನ್ನ ಹಳೆಯ ಬಾಕ್ಸ್ ಬಿಡಿಸಬಲ್ಲದ್ದು 2003ರಲ್ಲಿ ರೂಪುಗೊಂಡ ಎಚ್.264 ಸಂಕೋಚನ ವಿಧಾನವನ್ನು ಮಾತ್ರ. 2013ರಲ್ಲಿ ಬಂದ ಎಚ್.265 ವಿಧಾನ ಹೆಚ್ಚುಕಡಿಮೆ ಅದೇ ಗುಣಮಟ್ಟದ ಚಿತ್ರವನ್ನು ಸರಿಸುಮಾರು ಅರ್ಧದಷ್ಟು ದತ್ತಾಂಶದಲ್ಲಿ ಕಳಿಸಬಲ್ಲದು. ಆದರೆ ಹಳೆಯ ಬಾಕ್ಸ್‌ಗಳು ಮನೆಗಳಲ್ಲಿ ಉಳಿದಿರುವವರೆಗೆ ಹಳೆಯ ವಿಧಾನದ ಪ್ರಸಾರವನ್ನು ನಿಲ್ಲಿಸುವಂತಿಲ್ಲ, ಕೆಲವೊಮ್ಮೆ ಒಂದೇ ಚಾನೆಲನ್ನು ಎರಡೂ ರೂಪಗಳಲ್ಲಿ ಕಳಿಸಬೇಕಾಗುತ್ತದೆ. ಬಾಕ್ಸ್ ಬದಲಾವಣೆಯಿಂದ ದೊಡ್ಡ ಉಳಿತಾಯ ಕಂಪನಿಗೇ ಆಗುವುದೆಂಬುದು ಇದರಿಂದ ನಾನು ಮಾಡಿಕೊಂಡ ಊಹೆ. ಆ ಉಳಿತಾಯಕ್ಕೆ ಸಹಕರಿಸುವ ಗ್ರಾಹಕರಿಂದಲೇ ಶುಲ್ಕವನ್ನೂ ಎರಡು ವರ್ಷಗಳ ಬಂಧನವನ್ನೂ ಪಡೆಯುವುದು ಸರಿಯೆನಿಸುವುದಿಲ್ಲ. ‘ನಮ್ಮ ಪ್ರಸಾರ ಬದಲಾಗುತ್ತಿದೆ, ನಿಮ್ಮ ಬಾಕ್ಸ್ ಬದಲಿಸಿಕೊಡುತ್ತೇವೆ, ರೆಕಾರ್ಡಿಂಗುಗಳು ಹೋಗುತ್ತವೆ’ ಎಂದು ನೇರವಾಗಿ ಹೇಳಿದ್ದರೆ ನಾನು ಬಹುಶಃ ಒಪ್ಪುತ್ತಿದ್ದೆ, ತಾಯಿಗೆ ಅವರ ಹಾಡುಗಳನ್ನು ಕೊನೆಯದಾಗಿ ಒಮ್ಮೆ ಕೇಳಲು ಒಂದು ವಾರದ ಸಮಯವನ್ನಾದರೂ ಕೇಳಿಕೊಳ್ಳುತ್ತಿದ್ದೆ.

ಇಂಥ ಕರೆ ನಿಮಗೂ ಬಂದರೆ ‘ಕರಾರಿನ ದಿನಾಂಕ ಬದಲಾಗುತ್ತದೆಯೇ’ ಎಂಬ ಪ್ರಶ್ನೆಯನ್ನು ಬೇರೆಲ್ಲದಕ್ಕಿಂತ ಮೊದಲು ಕೇಳಿ, ಉತ್ತರವನ್ನು ಸಂದೇಶದ ಮೂಲಕ ಕಳಿಸಿಕೊಡಲು ಹೇಳಿ. ಒಟಿಪಿಯನ್ನು ಓದಿ ಹೇಳುವ ಮುನ್ನ ಅದರ ಕೆಳಗಿನ ಸಾಲನ್ನು ಓದಿ.

ಸದ್ಯಕ್ಕೆ ಜಮೆಯಾದ ಶುಲ್ಕ ತೀರುವವರೆಗೆ ಈ ಸೇವೆಯಲ್ಲಿ ಮುಂದುವರಿದಿದ್ದೇನೆ. ಹೊಸ ಬಾಕ್ಸ್ ಬೇಗ ಚಾಲೂ ಆಗುತ್ತದೆ, ರಿಮೋಟ್ ಹಗುರವಾಗಿದೆ, ಚಾನೆಲ್ ಪಟ್ಟಿ ಹಿಂದಿಗಿಂತ ಸಲೀಸಾಗಿ ಸರಿಯುತ್ತದೆ. ಪ್ರಸಾರಕ್ಕೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಅಪ್‌ಗ್ರೇಡ್ ಕೊಡುಗೆಗೆ ಒಂದು. ಅದೂ ತಂತಿಗಳನ್ನು ಅಚ್ಚುಕಟ್ಟಾಗಿ ಕಟ್ಟಿ, ಕೇಳಿದ ಪ್ರಶ್ನೆಗೆ ನಿಜವನ್ನೇ ಹೇಳಿಹೋದ ಆ ಯುವಕನ ಲೆಕ್ಕದಲ್ಲಿ.