ಚಿಲ್ಲರೆ ಕೊಡುವ ಚಿಲ್ಲರೆ ಅಂಗಡಿ

ತುಮಕೂರಿನ ಮಂಡಿಪೇಟೆಯಿಂದ ಚಿಕ್ಕಪೇಟೆ ಕಡೆ ನಡೆದು ಹೋದರೆ ಒಂದು ಹಳೇ ದಿನಸಿ ಅಂಗಡಿ ಸಿಗುತ್ತದೆ. ಹೆಸರು ಹಾಕಬೇಡಿ ಅಂತ ಅಂಗಡಿಯ ಅಕ್ಕ ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಬಾಗಿಲ ಪಕ್ಕ ಹುಣಸೆಹಣ್ಣಿನ ಮೂಟೆ, ಗಲ್ಲಾದ ಮೇಲೆ ಸಾಲಾಗಿ ನಾಣ್ಯ ತುಂಬಿದ ಗಾಜಿನ ಬಾಟಲಿಗಳು ಕಂಡರೆ ಅದೇ ಅಂಗಡಿ. ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ. ಮುಖ್ಯ ಕಾರಣ ಒಂದೇ. ಇಲ್ಲಿ ಚಿಲ್ಲರೆಯನ್ನು ಚಿಲ್ಲರೆಯಾಗಿಯೇ ವಾಪಸ್ ಕೊಡುತ್ತಾರೆ. ಚಾಕೊಲೇಟ್ ಕೊಡುವುದಿಲ್ಲ, ‘ಆಮೇಲೆ ಇಸ್ಕೊಳ್ಳಿ’ ಅನ್ನುವುದಿಲ್ಲ, ಹದಿನೆಂಟನ್ನು ಇಪ್ಪತ್ತು ಮಾಡುವುದಿಲ್ಲ.

ಇಷ್ಟಕ್ಕೆಲ್ಲಾ ಸ್ಟಾರ್ ಕೊಡಬೇಕಾ ಅಂತ ಕೇಳುವವರು ಕೇಳಲಿ. ನಾನು ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ತುಮಕೂರು, ಮಧುಗಿರಿ, ಪಾವಗಡ ರೂಟಿನಲ್ಲೇ ಜಾಸ್ತಿ ಕೆಲಸ ಮಾಡಿದ್ದೇನೆ. ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಬ್ಯಾಗಿನಲ್ಲಿ ನಾಣ್ಯ ಇಲ್ಲದಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹತ್ತಿದವರೆಲ್ಲಾ ನೂರರ ನೋಟೇ ಚಾಚುತ್ತಾರೆ. ಟಿಕೆಟ್ ಹಿಂದೆ ಬಾಕಿ ಬರೆದು ಕೊಡಬೇಕು. ಇಳಿಯುವ ಗಡಿಬಿಡಿಯಲ್ಲಿ ಕೆಲವರು ಕೇಳುವುದನ್ನೇ ಮರೆತು ಹೋಗುತ್ತಾರೆ. ಆ ಮೂರು ರೂಪಾಯಿ ಅವರದ್ದು, ನಮ್ಮದಲ್ಲ. ಅದನ್ನು ಯೋಚಿಸಿದರೆ ಈಗಲೂ ಮನಸ್ಸಿಗೆ ಹಿಂಸೆ ಆಗುತ್ತದೆ. ಹಾಗಾಗಿ ಯಾವುದೇ ಅಂಗಡಿಗೆ ಹೋದರೂ ನಾನು ಮೊದಲು ನೋಡುವುದು ಗಲ್ಲಾವನ್ನೇ, ತಕ್ಕಡಿ ಆಮೇಲೆ.

ಪಾವಗಡದ ಸುತ್ತ ಆಂಧ್ರ ಇದೆ. ಆ ಕಡೆ ಬಸ್ಸಿನಲ್ಲಿ ಅರ್ಧ ಮಾತು ತೆಲುಗು. ಆದರೆ ಈ ಒಂದು ಪದಕ್ಕೆ ಭಾಷೆ ಬದಲಾಯಿಸುವ ಕೆಲಸವೇ ಇರಲಿಲ್ಲ. ಅವರು ‘ಚಿಲ್ಲರ’ ಅಂದರೆ ನಾವು ‘ಚಿಲ್ರೆ’ ಅಂತೀವಿ. ಮಲಯಾಳದಲ್ಲೂ ಚಿಲ್ಲರ, ತಮಿಳಿನಲ್ಲಿ ಸಿಲ್ಲರೈ. ದಕ್ಷಿಣದ ನಾಲ್ಕೂ ಕಡೆ ಒಂದೇ ಪದ, ಒಂದೇ ಅರ್ಥ. ಸಣ್ಣದು, ಬಿಡಿಯಾದದ್ದು. ನಮ್ಮಲ್ಲಿ ಅದು ಎಲ್ಲೆಲ್ಲಿ ಓಡಾಡುತ್ತದೆ ನೋಡಿ. ಮಂಡಿಪೇಟೆಯಲ್ಲಿ ಮೂಟೆಗಟ್ಟಲೆ ಮಾರಿದರೆ ಸಗಟು, ಪೊಟ್ಟಣ ಕಟ್ಟಿ ಮಾರಿದರೆ ಚಿಲ್ಲರೆ. ಪೇಪರಿನಲ್ಲಿ ‘ಚಿಲ್ಲರೆ ಹಣದುಬ್ಬರ’ ಅಂತ ಬರುವುದೂ ಇದೇ ಲೆಕ್ಕ, ನಾವು ನೀವು ಅಂಗಡಿಯಲ್ಲಿ ಕೊಡುವ ಬೆಲೆ ಎಷ್ಟು ಏರಿತು ಅಂತ. ಸಾವಿರದ ಮೇಲೆ ಸ್ವಲ್ಪ ಆದರೆ ‘ಸಾವಿರ ಚಿಲ್ಲರೆ’. ಸಣ್ಣತನ ತೋರಿಸಿದವನದು ‘ಚಿಲ್ಲರೆ ಬುದ್ಧಿ’. ನನಗೆ ಬೇಜಾರಾಗುವುದು ಈ ಕೊನೆಯದ್ದು. ಚಿಲ್ಲರೆ ಕೊಡದೆ ಉಳಿಸಿಕೊಳ್ಳುವವನದ್ದು ಸಣ್ಣ ಬುದ್ಧಿ, ಸರಿ. ಸರಿಯಾಗಿ ಎಣಿಸಿ ಕೊಡುವವರದ್ದು ದೊಡ್ಡ ಬುದ್ಧಿ ಅಲ್ವಾ?

ಅಂಗಡಿಗೆ ಬರುತ್ತೇನೆ. ಬಾಟಲಿಗಳಲ್ಲಿ ಒಂದು, ಎರಡು, ಐದು, ಹತ್ತು, ಇಪ್ಪತ್ತು ರೂಪಾಯಿ ನಾಣ್ಯ ಬೇರೆ ಬೇರೆ ಇರುತ್ತವೆ. ಅಕ್ಕ ಮೊದಲು ಸಾಮಾನು ಕೈಗೆ ಕೊಟ್ಟು, ಆಮೇಲೆ ಬಾಕಿಯನ್ನು ಗಲ್ಲಾದ ಮೇಲೆ ಒಂದೊಂದಾಗಿ ಇಡುತ್ತಾರೆ. ಬಾಯಲ್ಲಿ ಎಣಿಕೆ ಮೇಲಕ್ಕೆ ಹೋಗುತ್ತದೆ. ಎಂಬತ್ತಮೂರು ರೂಪಾಯಿ ಆಗಿ ನೀವು ನೂರು ಕೊಟ್ಟರೆ, ‘ಎಂಬತ್ತಮೂರು, ಎಂಬತ್ತೈದು, ತೊಂಬತ್ತು, ನೂರು’ ಅಂತ ಎರಡು, ಐದು, ಹತ್ತು ಇಟ್ಟು ಮುಗಿಸುತ್ತಾರೆ. ನಾವೂ ಬಸ್ಸಿನಲ್ಲಿ ಹಾಗೇ ಎಣಿಸುತ್ತಿದ್ದೆವು. ಕಳೆಯುವ ಲೆಕ್ಕಕ್ಕಿಂತ ಕೂಡುವ ಲೆಕ್ಕದಲ್ಲಿ ತಪ್ಪು ಕಡಿಮೆ. ಕೊಡುವವರಿಗೂ ಇಸ್ಕೊಳ್ಳುವವರಿಗೂ ಒಟ್ಟಿಗೇ ಲೆಕ್ಕ ಕಾಣುತ್ತದೆ. ಸಣ್ಣ ಮಕ್ಕಳು ಬಂದರೆ ಇನ್ನೂ ನಿಧಾನ. ‘ಅಮ್ಮಂಗೆ ಏನು ಹೇಳ್ತೀಯಾ? ಎಷ್ಟು ವಾಪಸ್ ಬಂತು?’ ಅಂತ ಕೇಳಿ, ಮಗು ಸರಿಯಾಗಿ ಹೇಳಿದ ಮೇಲೇ ಮುಷ್ಟಿ ಮುಚ್ಚಿಸಿ ಕಳಿಸುತ್ತಾರೆ.

ಹತ್ತು ರೂಪಾಯಿ ನಾಣ್ಯದ ವಿಷಯ ಬಿಡಿಸಿ ಹೇಳಬೇಕು. ಈಗಲೂ ನಮ್ಮ ಕಡೆ ಎಷ್ಟೋ ಅಂಗಡಿಗಳಲ್ಲಿ ‘ಅದು ನಡೆಯಲ್ಲ’ ಅಂದುಬಿಡುತ್ತಾರೆ. ಹತ್ತು ಗೆರೆ ಇರೋದು ಅಸಲಿ, ಹದಿನೈದು ಗೆರೆ ಇರೋದು ನಕಲಿ ಅಂತ ಒಂದು ಸುಳ್ಳು ಸುದ್ದಿ ಹಬ್ಬಿತ್ತು. ರೂಪಾಯಿ ಚಿಹ್ನೆ ಇಲ್ಲದ್ದು ಬೇಡ ಅಂತ ಇನ್ನೊಂದು. ಚಿಹ್ನೆ ಬಂದದ್ದೇ 2010ರಲ್ಲಿ, ನಾಣ್ಯದ ಮೇಲೆ ಅಚ್ಚಾಗಲು ಶುರುವಾದದ್ದು 2011ರಲ್ಲಿ. ಅದಕ್ಕೂ ಮುಂಚೆ ಹೊಡೆದ ನಾಣ್ಯದಲ್ಲಿ ಅದು ಎಲ್ಲಿಂದ ಬರಬೇಕು? ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟವಾಗಿ ಹೇಳಿದೆ. ಅಲ್ಲಿಯವರೆಗೆ ಹತ್ತು ರೂಪಾಯಿ ನಾಣ್ಯ 14 ವಿನ್ಯಾಸದಲ್ಲಿ ಬಂದಿದೆ, ಅಷ್ಟೂ ಚಲಾವಣೆಗೆ ಯೋಗ್ಯ. ಈ ಅಂಗಡಿಯಲ್ಲಿ ಆ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದು ಗಲ್ಲಾದ ಪಕ್ಕ ಅಂಟಿಸಿದ್ದಾರೆ. ಬೇರೆ ಕಡೆ ಬೇಡ ಅನ್ನಿಸಿಕೊಂಡ ನಾಣ್ಯ ತಂದು ಇಲ್ಲಿ ಸಾಮಾನು ಕೊಳ್ಳುವ ಮುದುಕಿಯರನ್ನು ನೋಡಿದ್ದೇನೆ. ಅಕ್ಕ ತಿರುಗಿಸಿ ನೋಡುವುದೂ ಇಲ್ಲ, ಬಾಟಲಿಗೆ ಹಾಕುತ್ತಾರೆ.

ಎಂಟಾಣೆಯನ್ನೂ ತಗೊಳ್ಳುತ್ತಾರೆ. ಆಣೆ ಅನ್ನುವ ಲೆಕ್ಕ ಹೋಗಿದ್ದು 1957ರ ಏಪ್ರಿಲ್ 1ಕ್ಕೆ. ಅವತ್ತಿನಿಂದ ರೂಪಾಯಿಗೆ ಹದಿನಾರು ಆಣೆ ಹೋಗಿ ನೂರು ಪೈಸೆ ಬಂತು. ಆದರೂ ನನ್ನ ವಯಸ್ಸಿನವರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಹಾಗೇ ಉಳಿದಿವೆ. ನಾಲ್ಕಾಣೆ ನಾಣ್ಯ 2011ರ ಜೂನ್ ಕೊನೆಗೆ ನಿಂತುಹೋಯಿತು. ಎಂಟಾಣೆ ಕಾನೂನಿನ ಪ್ರಕಾರ ಇವತ್ತಿಗೂ ನಡೆಯುತ್ತದೆ. ಎಷ್ಟೋ ಜನ ಅದೂ ರದ್ದಾಗಿದೆ ಅಂದುಕೊಂಡು ದೇವರ ಹುಂಡಿಗೆ ಹಾಕುತ್ತಾರೆ. ಹಾಗೆ ನೋಡಿದರೆ ಅದಕ್ಕೂ ಹಿಂದಿನ ಕಾಸು ಇನ್ನೂ ಗಟ್ಟಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯದ ಮೇಲೆ ‘ಮಯಿಲಿ ಕಾಸು’ ಅಂತ ಕನ್ನಡದಲ್ಲೇ ಅಚ್ಚಾಗಿತ್ತು. ಆ ನಾಣ್ಯ ಎಂದೋ ಹೋಯಿತು. ಆದರೆ ಬಿಡಿಗಾಸು, ಪುಡಿಗಾಸು, ಚಿಕ್ಕಾಸು ಅನ್ನದೆ ನಮಗೆ ಒಂದು ದಿನವೂ ಕಳೆಯುವುದಿಲ್ಲ.

ಯುಪಿಐ ಇರುವಾಗ ಚಿಲ್ಲರೆ ಯಾಕೆ ಅಂತ ನನ್ನ ಮಗ ಕೇಳುತ್ತಾನೆ. ಹದಿನೇಳು ರೂಪಾಯಿ ಅಂದರೆ ಹದಿನೇಳೇ ಹೋಗುತ್ತದೆ, ನಿಜ. ಅಂಗಡಿಯಲ್ಲೂ ಅದರ ಸ್ಕ್ಯಾನರ್ ಇದೆ, ಕಾಲೇಜು ಹುಡುಗರೆಲ್ಲಾ ಅದರಲ್ಲೇ ಕೊಡುತ್ತಾರೆ. ಆದರೆ ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿ. ಪಿಂಚಣಿ ದುಡ್ಡನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬರುವವರಿದ್ದಾರೆ. ಕೂಲಿ ಮುಗಿಸಿ ಐವತ್ತು ಗ್ರಾಂ ಕಾಫಿಪುಡಿ, ಹತ್ತು ರೂಪಾಯಿ ಎಣ್ಣೆ ಒಯ್ಯುವವರಿದ್ದಾರೆ. ಅವರಿಗೆ ಎರಡು ರೂಪಾಯಿ ವಾಪಸ್ ಬರುವುದು ದೊಡ್ಡದೇ. ಮೂರು ದಿನ ಹಾಗೆ ಎರಡೆರಡು ಬಿಟ್ಟರೆ ಒಂದು ಬೆಂಕಿಪೊಟ್ಟಣಕ್ಕಿಂತ ಜಾಸ್ತಿ ಹೋಯಿತು. ಚಾಕೊಲೇಟ್ ಕೊಟ್ಟರೆ ಅದನ್ನು ಮುಂದಿನ ಅಂಗಡಿಯವನು ದುಡ್ಡು ಅಂತ ತಗೊಳ್ಳುತ್ತಾನಾ?

ಇಷ್ಟು ನಾಣ್ಯ ಎಲ್ಲಿಂದ ತರುತ್ತೀರಮ್ಮ ಅಂತ ಕೇಳಿದೆ. ‘ಬ್ಯಾಂಕಿಂದ ತರ್ತೀನಣ್ಣ, ಬೀಡಾ ಅಂಗಡಿಯವರೂ ತಂದು ಕೊಟ್ಟು ನೋಟು ಇಸ್ಕೊಂಡು ಹೋಗ್ತಾರೆ’ ಅಂದರು. ಪೇಟೆಯಲ್ಲಿ ಕೆಲವರು ನೂರು ರೂಪಾಯಿ ಚಿಲ್ಲರೆ ಕೊಟ್ಟರೆ ಮೇಲೆ ಇಷ್ಟು ಅಂತ ಕಮಿಷನ್ ಹಿಡಿಯುತ್ತಾರೆ. ಇವರು ಹಿಡಿಯುವುದಿಲ್ಲ. ಏನೂ ಕೊಳ್ಳದೆ ಸುಮ್ನೆ ನೋಟು ಮುರಿಸಿಕೊಂಡು ಹೋಗಲು ಬಂದವರಿಗೂ, ಇದ್ದರೆ ಕೊಡುತ್ತಾರೆ. ಬಿಡುವಿದ್ದಾಗ ಅವರ ಮೊಮ್ಮಗ ನಾಣ್ಯ ಹರಡಿಕೊಂಡು ಕೂರುತ್ತಾನೆ. ಅವನಿಗೆ ನಾನೇ ಒಂದು ವಿಷಯ ಹೇಳಿಕೊಟ್ಟೆ. ವರ್ಷದ ಅಂಕಿಯ ಕೆಳಗೆ ನಕ್ಷತ್ರ ಇದ್ದರೆ ಹೈದರಾಬಾದ್ ಟಂಕಸಾಲೆ, ಚುಕ್ಕಿ ಇದ್ದರೆ ನೋಯ್ಡಾ, ವಜ್ರದ ಗುರುತು ಇದ್ದರೆ ಮುಂಬೈ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಈಗ ಅವನು ಗಿರಾಕಿಗಳಿಗೆಲ್ಲಾ ಹೇಳುತ್ತಾನೆ.

ಸಾಮಾನಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹುಣಸೆಹಣ್ಣು ತುಂಬಾ ಚೆನ್ನಾಗಿದೆ, ಬೀಜ ತೆಗೆದದ್ದು, ಉಪ್ಪು ಹೆಚ್ಚಿಲ್ಲ. ತಿಪಟೂರು ಕೊಬ್ಬರಿ ಒಡೆದು ತೋರಿಸಿಯೇ ತೂಗುತ್ತಾರೆ. ಹುರಿಗಡಲೆ ಗರಿಗರಿ. ರಾಗಿ ಕ್ಲೀನ್ ಇದೆ. ಅಕ್ಕಿ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ, ನುಚ್ಚು ಜಾಸ್ತಿ, ಅದನ್ನು ಮಂಡಿಯಲ್ಲೇ ತಗೊಳ್ಳುವುದು ಒಳ್ಳೆಯದು. ಬೇಳೆ ಬೆಲೆ ದೊಡ್ಡ ಅಂಗಡಿಗಳಿಗಿಂತ ಒಂದೆರಡು ರೂಪಾಯಿ ಹೆಚ್ಚೇ ಇರಬಹುದು. ಆದರೆ ಹೇಳಿದ ಬೆಲೆಯೇ ಬೆಲೆ, ಗಲ್ಲಾದ ಹತ್ತಿರ ಬಂದಾಗ ಬದಲಾಗುವುದಿಲ್ಲ.

ಅರ್ಧ ಸ್ಟಾರ್ ಕಡಿಮೆ ಮಾಡಿದ್ದು ಜಾಗಕ್ಕೆ. ಸಂಜೆ ಇಬ್ಬರು ಒಟ್ಟಿಗೆ ನಿಲ್ಲಲು ಆಗುವುದಿಲ್ಲ, ಮುಂದೆ ಗಾಡಿ ನಿಲ್ಲಿಸಲು ಜಾಗ ಇಲ್ಲ. ಬಿಲ್ ಕೇಳಿದರೆ ಚೀಟಿಯಲ್ಲಿ ಬರೆದು ಕೊಡುತ್ತಾರೆ, ಅಚ್ಚು ಹಾಕಿದ ಬಿಲ್ ಬೇಕು ಅನ್ನುವವರಿಗೆ ಸರಿಹೋಗಲಿಕ್ಕಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ.

ನಿಮ್ಮ ಮನೆಯ ಡಬ್ಬಿಯಲ್ಲಿ ನಾಣ್ಯ ಸೇರಿಕೊಂಡಿದ್ದರೆ ಇಲ್ಲಿಗೆ ತನ್ನಿ. ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಲ್ಲಿ ಒಂದು ಸಲಕ್ಕೆ ಸಾವಿರ ರೂಪಾಯಿವರೆಗೆ ಕೊಡಬಹುದು, ಎಂಟಾಣೆಯಲ್ಲಾದರೆ ಹತ್ತು ರೂಪಾಯಿವರೆಗೆ. 2011ರ ನಾಣ್ಯ ಕಾಯ್ದೆಯಲ್ಲೇ ಹಾಗಿದೆ. ತರುವಾಗ ಬೇರೆ ಬೇರೆ ಮಾಡಿ ಪೊಟ್ಟಣ ಕಟ್ಟಿಕೊಂಡು ತನ್ನಿ, ಅಕ್ಕನಿಗೆ ಎಣಿಸಲು ಸುಲಭ. ಬೆಳಿಗ್ಗೆ ಹತ್ತು ಗಂಟೆಯೊಳಗೆ ಹೋದರೆ ಜನ ಕಡಿಮೆ ಇರುತ್ತಾರೆ.