ಹಾಸನ, ಚಿಕ್ಕಮಗಳೂರಿನ ಲಾಡ್ಜು–ಹೋಮ್‌ಸ್ಟೇ ಕೋಣೆಗಳಿಗೆ ಯಾವ ಬೀಗ ಒಗ್ಗುತ್ತದೆ, ಯಾವುದು ದಂಡ

ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಹಾಸನದಲ್ಲಿ ರೂಮು ಸಿಗುವುದೇ ದೊಡ್ಡದು. ವಾರದ ಕೊನೆಯಲ್ಲಿ ಚಿಕ್ಕಮಗಳೂರಿನ ಹೋಮ್‌ಸ್ಟೇಗಳದ್ದೂ ಅದೇ ಪರಿಸ್ಥಿತಿ. ಸಿಕ್ಕ ರೂಮು ಹಿಡಿದು, ಬ್ಯಾಗು ಮಂಚದ ಮೇಲಿಟ್ಟು, ಬೇಲೂರಿಗೋ ಮುಳ್ಳಯ್ಯನಗಿರಿಗೋ ಹೊರಟುಬಿಡುತ್ತಾರೆ. ವಾಪಸ್ ಬರುವವರೆಗೆ ಲ್ಯಾಪ್‌ಟಾಪು, ಕ್ಯಾಮೆರಾ, ನಗದು, ಒಡವೆ ಎಲ್ಲವೂ ಒಂದು ಬಾಗಿಲಿನ ಹಿಂದೆ. ಅದನ್ನು ಕಾಯುವುದಕ್ಕೆಂದು ಆನ್‌ಲೈನ್‌ನಲ್ಲಿ ಬಗೆಬಗೆಯ ಸಾಮಾನು ಮಾರುತ್ತಾರೆ. ಅದರಲ್ಲಿ ಅರ್ಧದಷ್ಟು ನಮ್ಮ ಕಡೆಯ ಬಾಗಿಲು, ಚಿಲಕ, ನೆಲಕ್ಕೆ ಹೊಂದುವುದೇ ಇಲ್ಲ. ಹೊಂದುವ ಸಾಮಾನು ಕೂಡ ಗಟ್ಟಿ ಜಾಗಕ್ಕೆ ಕಟ್ಟಿದರಷ್ಟೇ ಕೆಲಸಕ್ಕೆ ಬರುತ್ತದೆ. ಈ ವಿಮರ್ಶೆಯಲ್ಲಿ ಪ್ರತಿ ಸಾಮಾನನ್ನೂ ಅದೇ ದೃಷ್ಟಿಯಿಂದ ನೋಡಿದ್ದೇವೆ: ಅದು ಯಾವುದನ್ನು ಹಿಡಿದು ನಿಂತಿದೆ?

ಮೊದಲು ರೂಮಿನಲ್ಲೇ ಇರುವ ಡಿಜಿಟಲ್ ಸೇಫ್. ರೆಸಾರ್ಟ್‌ಗಳಲ್ಲಿ, ಸ್ವಲ್ಪ ದೊಡ್ಡ ಹೋಟೆಲ್‌ಗಳಲ್ಲಿ ಬಟ್ಟೆ ಬೀರುವಿನೊಳಗೆ ಒಂದು ಇರುತ್ತದೆ. ಅದರ ಬಾಗಿಲು ತೆರೆದು ಟಾರ್ಚ್ ಬಿಟ್ಟು ಒಳಗಿನ ತಳ ಮತ್ತು ಹಿಂಬದಿ ನೋಡಿ. ಬೋಲ್ಟ್‌ನ ತಲೆ ಕಾಣಬೇಕು. ಬರೀ ತೂತು ಕಂಡರೆ ಆ ಸೇಫ್ ಸುಮ್ಮನೆ ಕೂತಿದೆ ಎಂದರ್ಥ. ಬೆಡ್‌ಶೀಟಿನಲ್ಲಿ ಸುತ್ತಿ ಎತ್ತಿಕೊಂಡು ಹೋಗಬಹುದು. ಬೋಲ್ಟ್ ಇದ್ದರೂ ಪರೀಕ್ಷೆ ಮುಗಿಯಲಿಲ್ಲ. ಸೇಫನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ. ಬೀರುವಿನ ಹಲಗೆಯೂ ಜೊತೆಗೆ ಮೇಲೆದ್ದರೆ, ಬೋಲ್ಟ್ ಹಾಕಿರುವುದು ನಾಲ್ಕು ಗುಬುಟುಗಳ ಮೇಲೆ ಕೂತ ಪ್ಲೈವುಡ್ಡಿಗೆ. ಹಲಗೆಸಮೇತ ಸೇಫ್ ಹೊರಬರುತ್ತದೆ. ಗೋಡೆಗೋ ಸಿಮೆಂಟಿನ ಕಟ್ಟೆಗೋ ಬೋಲ್ಟ್ ಆದ ಸೇಫ್ ಮಾತ್ರ ಲೆಕ್ಕಕ್ಕೆ.

ಆಮೇಲೆ ಒಳಗಿನ ಯಂತ್ರ. ನಂಬರ್ ಒತ್ತಿದ ಮೇಲೆ ಗುಂಡಿಯನ್ನು ಕೈಯಿಂದಲೇ ತಿರುಗಿಸಿ ತೆರೆಯಬೇಕಾದ ಅಗ್ಗದ ಸೇಫ್‌ಗಳಲ್ಲಿ ಸಾಮಾನ್ಯವಾಗಿ ಸೊಲೆನಾಯ್ಡ್ ಇರುತ್ತದೆ. ಅಂದರೆ ಸ್ಪ್ರಿಂಗ್ ಮೇಲೆ ನಿಂತು, ಕರೆಂಟು ಹರಿದಾಗ ಸರಿಯುವ ಒಂದು ಸಣ್ಣ ಕಬ್ಬಿಣದ ಕಡ್ಡಿ. ಆ ಸ್ಪ್ರಿಂಗ್ ಸಡಿಲವಾಗಿದ್ದರೆ ಹೊರಗಿನಿಂದ ಬಿದ್ದ ಪೆಟ್ಟಿಗೇ ಕಡ್ಡಿ ಕ್ಷಣಕಾಲ ಜಿಗಿದು ಬೀಗ ಬಿಟ್ಟುಕೊಡಬಹುದು. ನಂಬರ್ ಒತ್ತಿದೊಡನೆ ಸಣ್ಣ ಸದ್ದು ಮಾಡುತ್ತಾ ಬೋಲ್ಟುಗಳು ತಾವೇ ಸರಿಯುವ ಸೇಫ್‌ನಲ್ಲಿ ಮೋಟರ್ ಇರುತ್ತದೆ. ಅದಕ್ಕೆ ಈ ರೋಗವಿಲ್ಲ. ಹೋಟೆಲ್‌ಗೆಂದೇ ಮಾಡಿದ ಸೇಫ್‌ಗಳು ಹೆಚ್ಚಾಗಿ ಎರಡನೆಯ ಬಗೆಯವು. ಹೋಮ್‌ಸ್ಟೇಯವರು ಆನ್‌ಲೈನ್‌ನಲ್ಲಿ ತರಿಸಿ ಇಟ್ಟವು ಮೊದಲನೆಯ ಬಗೆಯವಾಗಿರುವ ಸಾಧ್ಯತೆ ಹೆಚ್ಚು.

ಮೂರನೆಯದು ಮಾಸ್ಟರ್ ಕೋಡ್. ಅತಿಥಿ ನಂಬರ್ ಮರೆತರೆ ತೆರೆಯಲೆಂದು ಕಂಪನಿಯವರು ಕೊಟ್ಟ ಕೋಡನ್ನು ಸೇಫ್ ಕೂರಿಸಿದ ದಿನವೇ ಬದಲಿಸಬೇಕು. ಎಷ್ಟೋ ಕಡೆ ಬದಲಿಸಿರುವುದಿಲ್ಲ. ಎಲ್ಲ ಸೊನ್ನೆ ಅಥವಾ ಒಂದೇ ಅಂಕಿಯ ಸಾಲು ಹಾಗೇ ಉಳಿದಿರುತ್ತದೆ. ಸೇಫ್ ಬಾಗಿಲು ತೆರೆದಿಟ್ಟುಕೊಂಡೇ ನಿಮ್ಮ ನಂಬರ್ ಹಾಕಿ ಬೋಲ್ಟ್ ಹೊರಗೆ ಬರಿಸಿ, ಅಂಥ ಸುಲಭದ ನಂಬರುಗಳಿಗೆ ಅದು ತೆರೆಯುತ್ತದೆಯೇ ನೋಡಿ. ತೆರೆದುಕೊಂಡರೆ ಅದರಲ್ಲಿ ಏನೂ ಇಡಬೇಡಿ, ಮ್ಯಾನೇಜರ್‌ಗೆ ತಿಳಿಸಿ; ಮುಂದೆ ಬರುವವರಿಗೂ ಉಪಕಾರ. ಇದೇ ಹೊತ್ತಿನಲ್ಲಿ ಎರಡು ಮೂರು ಸಲ ಹಾಕಿ ತೆಗೆದು ನೋಡುವುದರಿಂದ ಬ್ಯಾಟರಿಯ ಸ್ಥಿತಿಯೂ ತಿಳಿಯುತ್ತದೆ. ಬಹುಪಾಲು ಸೇಫ್‌ಗಳಿಗೆ ನಾಲ್ಕು ಎಎ ಸೆಲ್ ಬೇಕು. ಮೋಟರ್ ಎಳೆದಾಡಿದಂತೆ ಸದ್ದು ಮಾಡಿದರೆ ಅಥವಾ ಕೆಂಪು ದೀಪ ಮಿನುಗಿದರೆ ಸೆಲ್ ಬದಲಿಸಲು ಹೇಳಿ. ಇಲ್ಲವಾದರೆ ಬೆಳಗಿನ ಜಾವ ರೈಲಿಗೆ ಹೊರಡುವಾಗ ಒಡವೆ ಒಳಗೆ, ನೀವು ಹೊರಗೆ, ಎಮರ್ಜೆನ್ಸಿ ಕೀ ಇಟ್ಟುಕೊಂಡ ಮ್ಯಾನೇಜರ್ ಮನೆಯಲ್ಲಿ. ಆ ಕೀ ಯಾರ ಬಳಿ ಇದೆ, ತೆರೆಯುವಾಗ ಇಬ್ಬರು ಸಿಬ್ಬಂದಿ ಇರುತ್ತಾರೆಯೇ, ಗುರುತಿನ ಚೀಟಿ ನೋಡುತ್ತಾರೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ನಂಬರ್ ಒತ್ತಿದ ಮೇಲೆ ಅಂಕಿಯ ಗುಂಡಿಗಳನ್ನು ಕರವಸ್ತ್ರದಿಂದ ಒರೆಸಿಬಿಡಿ. ಬೆರಳಿನ ಜಿಡ್ಡು ಯಾವ ನಾಲ್ಕು ಅಂಕಿ ಎಂದು ತೋರಿಸಿಕೊಡುತ್ತದೆ.

ಕ್ಯಾಮೆರಾ ಇರುವವರಿಗೆ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ರೂಮಿನಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಲೆನ್ಸ್ ದಿನಗಟ್ಟಲೆ ಇಟ್ಟರೆ ಬೂಷ್ಟು ಹಿಡಿಯುವ ಭಯ ಕಳ್ಳನ ಭಯದಷ್ಟೇ ನಿಜ. ಗಾಳಿಯಾಡದ ಜಿಪ್ ಕವರಿನಲ್ಲಿ ಸಿಲಿಕಾ ಜೆಲ್ ಚೀಟಿ ಹಾಕಿ ಇಡಿ.

ಸೇಫ್ ಇಲ್ಲದ ರೂಮುಗಳೇ ಹೆಚ್ಚು. ಬಸ್ ಸ್ಟ್ಯಾಂಡ್ ಸುತ್ತಲಿನ ಹಳೆಯ ಲಾಡ್ಜುಗಳಲ್ಲಿ ಬಾಗಿಲಿಗೆ ಹೊರಗಿನಿಂದ ಆಲ್‌ಡ್ರಾಪ್ ಚಿಲಕ, ಅದಕ್ಕೊಂದು ಬೀಗ. ಕೀಗೆ ರೂಮಿನ ನಂಬರು ಕೆತ್ತಿದ ದಪ್ಪ ಬಿಲ್ಲೆ. ಆ ಬೀಗದ ಇನ್ನೊಂದು ಕೀ ಎಲ್ಲಿದೆ, ಹಿಂದಿನ ಅತಿಥಿ ನಕಲು ಮಾಡಿಸಿದ್ದಾನೆಯೇ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಇಲ್ಲಿ ನಾವು ಕಣ್ಣುಮುಚ್ಚಿ ಶಿಫಾರಸು ಮಾಡುವುದು ನಿಮ್ಮದೇ ಒಂದು ಒಳ್ಳೆಯ ಬೀಗ. ಗೋದ್ರೆಜ್ ನವತಾಲ್ ಥರದ ಲಿವರ್ ಬೀಗ, ಏಳು ಲಿವರ್‌ನದ್ದು, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸೂಟ್‌ಕೇಸಿಗೆ ಹಾಕುವ ಹಿತ್ತಾಳೆಯ ಪುಟ್ಟ ಬೀಗಕ್ಕೂ ಇದಕ್ಕೂ ಹೋಲಿಕೆಯೇ ಇಲ್ಲ. ಆದರೆ ಕೊಂಡಿ ತೀರಾ ದಪ್ಪವಿದ್ದರೆ ಹಳೆಯ ಚಿಲಕದ ತೂತಿನಲ್ಲಿ ತೂರುವುದಿಲ್ಲ, ತೀರಾ ಉದ್ದವಿದ್ದರೆ ಸಂದಿಗೆ ಕಬ್ಬಿಣದ ರಾಡು ಹಾಕಿ ಮೀಟಲು ಅವಕಾಶವಾಗುತ್ತದೆ. ಗಿಡ್ಡ ಕೊಂಡಿಯ, 50 ಮಿಲಿಮೀಟರ್ ಆಸುಪಾಸಿನ ಬೀಗ ಹೆಚ್ಚು ಕಡೆ ಒಗ್ಗುತ್ತದೆ.

ಬೀಗ ಎಷ್ಟೇ ಗಟ್ಟಿಯಾಗಿದ್ದರೂ ಕಳ್ಳ ಅದನ್ನು ಮುಟ್ಟಬೇಕೆಂದಿಲ್ಲ. ಚಿಲಕವನ್ನು ಬಾಗಿಲಿಗೆ ಹಿಡಿದಿರುವ ಸ್ಕ್ರೂ ನೋಡಿ. ಚಿಲಕ ಹಾಕಿದಾಗಲೂ ಸ್ಕ್ರೂಗಳ ತಲೆ ಹೊರಗೆ ಕಾಣುತ್ತಿದ್ದರೆ ಒಂದು ಸ್ಕ್ರೂಡ್ರೈವರ್ ಸಾಕು. ಬೀಗ ಹಾಕಿದ ಚಿಲಕ ಹಾಗೇ ಕೈಗೆ ಬರುತ್ತದೆ. ಅರ್ಧ ಇಂಚಿನ ಸ್ಕ್ರೂಗಳು, ಅದೂ ನೆನೆದು ಮೆತ್ತಗಾದ ಮರದಲ್ಲಿ, ಒಂದು ಎಳೆತಕ್ಕೆ ಕಿತ್ತುಬರುತ್ತವೆ. ಬಾಗಿಲಿನ ದಪ್ಪವನ್ನೆಲ್ಲ ದಾಟಿ ಒಳಗಡೆ ನಟ್ ಬಿಗಿದ ಬೋಲ್ಟ್ ಇದ್ದರೆ ಆ ಲಾಡ್ಜಿನ ಯಜಮಾನರಿಗೆ ನಮಸ್ಕಾರ ಹೇಳಬೇಕು. ಸಡಿಲ ಸ್ಕ್ರೂ ಕಂಡರೆ ಬೇರೆ ರೂಮು ಕೇಳಿ.

ಸ್ವಂತ ಬೀಗ ಹಾಕುವಾಗ ರಿಸೆಪ್ಷನ್‌ನಲ್ಲಿ ಹೇಳಿಯೇ ಹಾಕಿ. "ಅಣ್ಣ, ನಮ್ಮ ಬೀಗ ಹಾಕ್ಕೋತೀವಿ, ಕ್ಲೀನಿಂಗ್ ನಾವಿದ್ದಾಗ ಮಾಡ್ಸಿ" ಎಂದರೆ ಸಾಮಾನ್ಯವಾಗಿ ಯಾರೂ ಬೇಡ ಎನ್ನುವುದಿಲ್ಲ. ಅವರ ಬೀಗ, ಕೀ ಎರಡನ್ನೂ ರೂಮಿನೊಳಗೆ ಕಣ್ಣಿಗೆ ಬೀಳುವ ಜಾಗದಲ್ಲಿಡಿ. ಹೇಳದೆ ಹಾಕಿ ಹೋದರೆ, ನೀರಿನ ನಲ್ಲಿ ತೆರೆದೇ ಉಳಿದಿದ್ದರೆ ಅಥವಾ ಶಾರ್ಟ್ ಸರ್ಕ್ಯೂಟ್ ಆದರೆ ಅವರು ಬಾಗಿಲು ಒಡೆಯಬೇಕಾಗುತ್ತದೆ. ಬೀಗ ಬಿಗಿಯಾಯಿತೆಂದು ಕೊಬ್ಬರಿ ಎಣ್ಣೆ ಬಿಡುವ ಅಭ್ಯಾಸ ನಮ್ಮಲ್ಲಿದೆ. ಆ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಗಿನ ಚಿಕ್ಕಮಗಳೂರಿನಲ್ಲಿ ಲಿವರ್‌ಗಳು ಅಂಟಿಕೊಂಡು ಕೀ ತಿರುಗುವುದೇ ಇಲ್ಲ. ಗ್ರಾಫೈಟ್ ಪುಡಿ ಹಾಕಿ, ಪೆನ್ಸಿಲ್ ಸೀಸ ಉಜ್ಜಿದರೂ ಆದೀತು.

ಇನ್ನು ಪ್ಯಾಕ್‌ಸೇಫ್ ಥರದ ತಂತಿಬಲೆಯ ಚೀಲಗಳು. ಬಟ್ಟೆಯ ಒಳಪದರದಲ್ಲಿ ಸ್ಟೇನ್‌ಲೆಸ್ ಸ್ಟೀಲಿನ ಬಲೆ, ಬಾಯಿ ಬಿಗಿಯಲು ಉಕ್ಕಿನ ಕೇಬಲ್, ತುದಿಗೆ ಬೀಗ. ಬೆಲೆ ಹಲವು ಸಾವಿರ. ಐದು ಲೀಟರಿನದ್ದರಲ್ಲಿ ಪಾಸ್‌ಪೋರ್ಟು, ನಗದು, ಸಣ್ಣ ಕ್ಯಾಮೆರಾ ಹಿಡಿಸುತ್ತದೆ. ಲ್ಯಾಪ್‌ಟಾಪಿಗೆ ಹನ್ನೆರಡು ಲೀಟರಿನದ್ದು ಬೇಕು. ಬ್ಲೇಡಿಗೆ ಇದು ಬಗ್ಗುವುದಿಲ್ಲ. ದೊಡ್ಡ ಕಟರ್ ತಂದವನಿಗೆ ಬಗ್ಗುತ್ತದೆ, ಆದರೆ ಬಾಗಿಲು ತೆರೆದಿದೆಯೆಂದು ಒಳನುಗ್ಗಿ ಎರಡು ನಿಮಿಷದಲ್ಲಿ ಹೊರಬೀಳುವವನ ಕೈಯಲ್ಲಿ ಕಟರ್ ಇರುವುದಿಲ್ಲ.

ಇದರ ಯೋಗ್ಯತೆಯೆಲ್ಲ ಕೇಬಲ್ ಕಟ್ಟಿದ ಜಾಗದಲ್ಲಿದೆ. ಮಂಚದ ಕಾಲಿಗೆ ಕಟ್ಟಿದರೆ ಮಂಚ ಎತ್ತಿ ಕೇಬಲ್ ಜಾರಿಸಬಹುದು. ಕಟ್ಟುವುದಾದರೆ ಎರಡು ಕಾಲುಗಳ ನಡುವಿನ ಅಡ್ಡಪಟ್ಟಿಗೆ. ಬಚ್ಚಲಿನ ಪಿವಿಸಿ ಪೈಪು ಕೈಯಲ್ಲೇ ಮುರಿಯುತ್ತದೆ. ಟಿವಿ ಸ್ಟ್ಯಾಂಡು ಬೇಡ. ನಮ್ಮ ಕಡೆ ಸಿಗುವ ಅತ್ಯುತ್ತಮ ಜಾಗ ಕಿಟಕಿಯ ಕಬ್ಬಿಣದ ಸರಳು. ಮಲೆನಾಡಿನ ಹಳೆಯ ಮನೆಗಳಲ್ಲಿ ದಪ್ಪ ಮರದ ಚೌಕಟ್ಟಿನೊಳಗೆ ಸರಳು ಇಳಿಸಿ, ಚೌಕಟ್ಟನ್ನು ಗೋಡೆಯೊಳಗೆ ಹೂತಿರುತ್ತಾರೆ. ಅದಕ್ಕಿಂತ ಗಟ್ಟಿ ಆಸರೆ ರೂಮಿನಲ್ಲಿ ಬೇರೊಂದಿಲ್ಲ. ತೊಂದರೆಯೆಂದರೆ ನೆಲಮಹಡಿಯ ಕಿಟಕಿಗೆ ಹೊರಗಿನಿಂದ ಕೈ ಬರುತ್ತದೆ. ಕಿಟಕಿಯ ಬಾಗಿಲು ಮುಚ್ಚಿ ಒಳಗಿನ ಚಿಲಕ ಹಾಕಿ, ಚೀಲವನ್ನು ಕಿಟಕಿಯ ಮಟ್ಟಕ್ಕಿಂತ ಕೆಳಗೆ ಇಳಿಬಿಡಿ. ಕಿಟಕಿ ತೆರೆದಿಟ್ಟು ಹೋದರೆ ಗಿರಿಯ ಕಡೆ ಮನುಷ್ಯರಿಗಿಂತ ಮೊದಲು ಕೋತಿ ಬರುತ್ತದೆ. ಅದಕ್ಕೆ ಬೇಕಿರುವುದು ಬಿಸ್ಕತ್ತು, ಹೊತ್ತೊಯ್ಯುವುದು ಇಡೀ ಕೈಚೀಲ.

ಮೂರು ಅಂಕಿಯ ನಂಬರ್ ಬೀಗಕ್ಕೆ ಇರುವುದು ಸಾವಿರ ಸಾಧ್ಯತೆ ಮಾತ್ರ. ಸೆಕೆಂಡಿಗೊಂದರಂತೆ ತಿರುಗಿಸಿದರೂ ಹದಿನೇಳು ನಿಮಿಷದೊಳಗೆ ಮುಗಿಯುತ್ತದೆ. ನಾಲ್ಕು ಅಂಕಿಯದ್ದನ್ನೋ ಕೀ ಬೀಗವನ್ನೋ ಆರಿಸಿ. ಲ್ಯಾಪ್‌ಟಾಪಿಗೆ ನೇರವಾಗಿ ಸಿಕ್ಕಿಸುವ ಕೆನ್ಸಿಂಗ್ಟನ್ ಕೇಬಲ್ ಕೊಳ್ಳುವ ಮುಂಚೆ ನಿಮ್ಮ ಯಂತ್ರದಲ್ಲಿ ಅದರ ತೂತು ಇದೆಯೇ ನೋಡಿಕೊಳ್ಳಿ, ತೆಳ್ಳಗಿನ ಎಷ್ಟೋ ಮಾದರಿಗಳಲ್ಲಿ ಇಲ್ಲ.

ಸೂಟ್‌ಕೇಸಿನ ಜಿಪ್ಪಿಗೆ ಬೀಗ ಹಾಕಿ ನಿಶ್ಚಿಂತೆಯಾಗಿರುವವರೇ ಹೆಚ್ಚು. ನೈಲಾನ್ ಹಲ್ಲಿನ ಜಿಪ್ಪು ಬಾಲ್‌ಪೆನ್ನಿನ ಮೊನೆಗೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ಬೀಗಸಮೇತ ರನ್ನರನ್ನು ಅತ್ತಿತ್ತ ಎಳೆದರೆ ಮತ್ತೆ ಮುಚ್ಚಿಕೊಳ್ಳುತ್ತದೆ, ಗುರುತೂ ಉಳಿಯುವುದಿಲ್ಲ. ಮನೆಗೆ ಹೋದ ಮೇಲಷ್ಟೇ ಏನೋ ಇಲ್ಲ ಎಂದು ಗೊತ್ತಾಗುವುದಕ್ಕೆ ಇದೂ ಒಂದು ಕಾರಣ. ಅಮೆರಿಕದ ವಿಮಾನ ನಿಲ್ದಾಣದ ಭದ್ರತಾ ಸಂಸ್ಥೆ ತನ್ನ ಮಾಸ್ಟರ್ ಕೀಯಿಂದ ತೆರೆಯಬಲ್ಲ ಟಿಎಸ್‌ಎ ಮುದ್ರೆಯ ಬೀಗಗಳಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಅವುಗಳ ಮಾಸ್ಟರ್ ಕೀಗಳ ಮಾದರಿ 2015ರಲ್ಲೇ ಅಂತರ್ಜಾಲದಲ್ಲಿ ಹರಿದಾಡಿದೆ.

ಒಳಗಿದ್ದಾಗ ಬಾಗಿಲು ಭದ್ರಪಡಿಸುವ ಎರಡು ಸಾಮಾನುಗಳಿವೆ. ದಾರಂದದ ತಗಡಿನ ತೂತಿಗೆ ಕೊಕ್ಕೆ ಸಿಕ್ಕಿಸುವ ಪೋರ್ಟಬಲ್ ಡೋರ್ ಲಾಕ್ ಒಳಮುಖವಾಗಿ ತೆರೆಯುವ ಒಂಟಿ ಬಾಗಿಲಿಗೆ, ಅದೂ ಲ್ಯಾಚ್ ಇರುವ ಬಾಗಿಲಿಗೆ ಮಾತ್ರ. ಜೋಡಿ ಬಾಗಿಲು, ಟವರ್ ಬೋಲ್ಟಿನ ಹಳೆಯ ರೂಮುಗಳಿಗೆ ದಂಡ. ಬಾಗಿಲ ಕೆಳಗೆ ಇಡುವ ಅಲಾರಂ ಬೆಣೆ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಒಬ್ಬರೇ ತಂಗುವ ಹೆಣ್ಣುಮಕ್ಕಳಿಗೆ ಖಂಡಿತ ಉಪಯೋಗ. ನುಣುಪಾದ ರೆಡ್ ಆಕ್ಸೈಡ್ ನೆಲದಲ್ಲಿ ಜಾರುತ್ತದೆ. ಕೆಳಗೆ ಸ್ವಲ್ಪ ಒದ್ದೆ ಮಾಡಿದ ಹತ್ತಿ ಬಟ್ಟೆಗಿಂತ ಒಂದು ತುಂಡು ರಬ್ಬರ್ ಮ್ಯಾಟ್ ಮೇಲು. ಹೊರಗೆ ಹೋದಾಗ ಇವೆರಡೂ ನಿಷ್ಪ್ರಯೋಜಕ. ಬ್ಯಾಗಿನಲ್ಲಿಡುವ ಏರ್‌ಟ್ಯಾಗ್ ಥರದ ಪತ್ತೆ ಬಿಲ್ಲೆ ಸುತ್ತ ಜನರ ಫೋನ್ ಇದ್ದರಷ್ಟೇ ಜಾಗ ಹೇಳುತ್ತದೆ. ಹಾಸನ ಪೇಟೆಯಲ್ಲಿ ಸರಿ, ಸಿಗ್ನಲ್ ಸಿಗದ ಕಾಫಿ ತೋಟದ ನಡುವೆ ಮೌನ.

ಮದುವೆಗೆ ಬಂದವರ ಪಾಡು ಬೇರೆ. ಕಲ್ಯಾಣ ಮಂಟಪದ ವಧುವಿನ ಕೋಣೆಗೆ ಬ್ಯೂಟಿಷಿಯನ್, ಫೋಟೋದವರು, ಹೂವಿನವರು, ಎರಡೂ ಕಡೆಯ ನೆಂಟರು ಬಂದುಹೋಗುತ್ತಿರುತ್ತಾರೆ. ಕೀ ಚಿಕ್ಕಮ್ಮನಿಂದ ಅತ್ತೆಗೆ, ಅತ್ತೆಯಿಂದ ಭಾವನಿಗೆ ಕೈ ದಾಟುತ್ತದೆ. ಮುಹೂರ್ತದ ಹೊತ್ತಿಗೆ ಎಲ್ಲರೂ ಅಕ್ಷತೆ ಹಿಡಿದು ಕೆಳಗೆ ನಿಂತಿರುವಾಗ ಮೇಲಿನ ಕೋಣೆ ಖಾಲಿ. ಅಲ್ಲಿ ಯಾವ ಸಾಮಾನಿಗಿಂತಲೂ ಮೇಲಾದ ಏರ್ಪಾಡೆಂದರೆ ಕೋಣೆಗೆ ನಿಮ್ಮ ಬೀಗ, ಒಂದೇ ಕೀ, ಮುಹೂರ್ತಕ್ಕೆ ಕೆಳಗಿಳಿಯದೆ ಕೂರಲು ಒಪ್ಪಿದ ಒಬ್ಬ ಹಿರಿಯರು. ಮೈಮೇಲಿಲ್ಲದ ಒಡವೆಯನ್ನು ಸೀರೆ ಸೂಟ್‌ಕೇಸಿನಲ್ಲಿ ಇಡಲೇಬೇಡಿ. ಹೊರಡುವ ಮುಂಚೆ ಒಂದೊಂದು ಒಡವೆಯ ಫೋಟೋ, ತೂಕ, ಹಾಲ್‌ಮಾರ್ಕಿನ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಬರೆದಿಟ್ಟುಕೊಳ್ಳಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದ ಒಡವೆ ಮಾರಲು ಇದು ಕಡ್ಡಾಯ. ಪೊಲೀಸರು ಮಾಲು ಹಿಡಿದಾಗ "ಇದು ನಮ್ಮದೇ" ಎನ್ನಲು ಇದರಷ್ಟು ನೇರವಾದ ಗುರುತು ಇನ್ನೊಂದಿಲ್ಲ.

ರೂಮಿನಲ್ಲಿ ನಂಬಿಕೆಯಾಗದಿದ್ದರೆ ರಿಸೆಪ್ಷನ್ನಿನ ಲಾಕರ್‌ಗೆ ಒಪ್ಪಿಸಿ. ಕವರಿಗೆ ಹಾಕಿ ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ, ಒಳಗಿರುವುದರ ಪಟ್ಟಿಗೆ ಸಮಯಸಹಿತ ರಸೀದಿ ಪಡೆಯಿರಿ. "ವಸ್ತುಗಳಿಗೆ ಆಡಳಿತ ಹೊಣೆಯಲ್ಲ" ಎಂಬ ಬೋರ್ಡು ನೋಡಿ ಸುಮ್ಮನಾಗಬೇಡಿ. ಕೈಗೆ ಒಪ್ಪಿಸಿದ ವಸ್ತುವನ್ನು ಎಚ್ಚರದಿಂದ ಕಾಯುವ ಹೊಣೆ 1872ರ ಭಾರತೀಯ ಕರಾರು ಕಾಯ್ದೆಯ 151ನೇ ಕಲಮಿನಲ್ಲೇ ಇದೆ. ದೆಹಲಿಯ ಹೋಟೆಲೊಂದರಲ್ಲಿ ಸಿಬ್ಬಂದಿಯ ಕೈಗೆ ಕೀ ಕೊಟ್ಟ ಕಾರು ಕಳುವಾದ ಮೊಕದ್ದಮೆಯಲ್ಲಿ, "ವಾಹನ ಮಾಲೀಕರ ಹೊಣೆ" ಎಂದು ಚೀಟಿಯಲ್ಲಿ ಅಚ್ಚು ಹಾಕಿದ ಮಾತ್ರಕ್ಕೆ ಹೋಟೆಲ್ ತನ್ನ ನಿರ್ಲಕ್ಷ್ಯದಿಂದ ನುಣುಚಿಕೊಳ್ಳಲಾಗದು ಎಂದು ಸುಪ್ರೀಂ ಕೋರ್ಟ್ 2019ರ ನವೆಂಬರ್‌ನಲ್ಲಿ ಹೇಳಿದೆ. ರಸೀದಿ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದಾಗ, ಗ್ರಾಹಕ ಆಯೋಗಕ್ಕೆ ಹೋದಾಗ ನಿಮ್ಮ ಮಾತಿಗೆ ತೂಕ ಬರುತ್ತದೆ.

ಏನಾದರೂ ಕಾಣದಿದ್ದರೆ ಮೊದಲು ರೂಮು ಗುಡಿಸುವ ಹುಡುಗನ ಮೇಲೆ ಬೆರಳು ತೋರಿಸಬೇಡಿ. ದಿಂಬಿನ ಕವರು, ಹಾಸಿಗೆ ಮತ್ತು ಗೋಡೆಯ ಸಂದಿ, ಬಚ್ಚಲಿನ ಮೊಳೆ, ಕಾರಿನ ಸೀಟಿನಡಿ ನೋಡಿ. ಸುಳ್ಳು ಆಪಾದನೆ ಬಂದರೆ ಆ ಹುಡುಗನ ಕೆಲಸವೇ ಹೋಗುತ್ತದೆ. ನಾವು ಬೀಗ ಸರಿಯಾಗಿ ಹಾಕಿಕೊಳ್ಳುವುದು ಅವನ ಮರ್ಯಾದೆಗೂ ಕಾವಲು. ಕಳುವಾದದ್ದು ಖಚಿತವಾದರೆ ರೂಮಿನಲ್ಲಿ ಏನನ್ನೂ ಮುಟ್ಟದೆ 112ಕ್ಕೆ ಕರೆ ಮಾಡಿ, ಸಿಸಿಟಿವಿ ದೃಶ್ಯ ಅಳಿಸದೆ ಉಳಿಸಿಡುವಂತೆ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ. ಪೊಲೀಸರ ಇ-ಲಾಸ್ಟ್ ಆ್ಯಪ್ ಇರುವುದು ಕಳೆದುಹೋದ ವಸ್ತುಗಳಿಗೆ. ಕಳ್ಳತನಕ್ಕೆ ಎಫ್‌ಐಆರ್ ಬೇಕು. ವಿಮೆಯವರು ಕೇಳುವುದೂ ಅದನ್ನೇ, ಪ್ರತಿ ಉಚಿತವಾಗಿ ಕೊಡಬೇಕು. ಊರಿಗೆ ಮರಳಿದ ಮೇಲೆ ಗೊತ್ತಾದರೂ ನಿಮ್ಮೂರಿನ ಠಾಣೆಯಲ್ಲೇ ಜೀರೋ ಎಫ್‌ಐಆರ್, ಅಂದರೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದ ಅಪರಾಧಕ್ಕೂ ದಾಖಲಿಸುವ ಎಫ್‌ಐಆರ್, ಮಾಡಿಸಬಹುದು. ಹೋದದ್ದು ಫೋನಾದರೆ ದೂರಿನ ಪ್ರತಿ ಮತ್ತು ಅದೇ ನಂಬರಿನ ಹೊಸ ಸಿಮ್ ಇಟ್ಟುಕೊಂಡು ಕೇಂದ್ರ ಸರ್ಕಾರದ ಸಿಇಐಆರ್ ಪೋರ್ಟಲ್‌ನಲ್ಲಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬ್ಲಾಕ್ ಮಾಡಿಸಿ. ಐಎಂಇಐ ನಂಬರನ್ನು *#06# ಒತ್ತಿ ಈಗಲೇ ತೆಗೆದು ಮನೆಯವರ ಫೋನಿಗೆ ಕಳಿಸಿಡಿ.